ಮೂರು ವರ್ಷ ಬಳಸಿದ ಮೇಲೆ: ಹೂವು, ನೀರಿನ ಹನಿ ಮತ್ತು ನನ್ನ ಎಕ್ಸ್‌ಟೆನ್ಷನ್ ಟ್ಯೂಬ್

ಚಿಕ್ಕ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ಅಷ್ಟೊಂದು ದುಡ್ಡು ಸುರಿಯಲು ಮನಸ್ಸಾಗದೆ ಮೂರು ವರ್ಷದ ಹಿಂದೆ ಎಕ್ಸ್‌ಟೆನ್ಷನ್ ಟ್ಯೂಬ್ ಸೆಟ್ ತಗೊಂಡೆ. 12, 20, 36 ಮಿ.ಮೀ. ಉದ್ದದ ಮೂರು ಬಳೆಗಳು. ಒಳಗೆ ಗಾಜೇ ಇಲ್ಲ, ಪೂರ್ತಿ ಟೊಳ್ಳು. ಲೆನ್ಸನ್ನು ಕ್ಯಾಮೆರಾದಿಂದ ಸ್ವಲ್ಪ ದೂರ ನಿಲ್ಲಿಸುವುದಷ್ಟೇ ಇದರ ಕೆಲಸ. ಆಗ ಇನ್ನೂ ಹತ್ತಿರದ್ದಕ್ಕೆ ಫೋಕಸ್ ಆಗಿ, ವಸ್ತು ದೊಡ್ಡದಾಗಿ ಬರುತ್ತದೆ. 'ಖಾಲಿ ಡಬ್ಬಿಗೆ ದುಡ್ಡು ಕೊಟ್ಯಾ?' ಅಂತ ಮನೆಯಲ್ಲಿ ನಕ್ಕರು.

ಲೆಕ್ಕ ಸುಲಭ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ) ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟು ಮ್ಯಾಗ್ನಿಫಿಕೇಶನ್ (ಚಿತ್ರ ನಿಜ ಗಾತ್ರದ ಎಷ್ಟು ಪಟ್ಟು ಅನ್ನುವ ಲೆಕ್ಕ) ಹೆಚ್ಚುತ್ತದೆ. ನನ್ನ 50 ಮಿ.ಮೀ. ಲೆನ್ಸಿಗೆ 36ರದ್ದು ಹಾಕಿದರೆ 0.72. ಮೂರನ್ನೂ ಸೇರಿಸಿದರೆ 1.36. ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಹನಿ ತನ್ನ ನಿಜ ಗಾತ್ರಕ್ಕಿಂತ ದೊಡ್ಡದಾಗಿ ಬೀಳುತ್ತದೆ. ಆದರೆ ಮೂರನ್ನೂ ಒಟ್ಟಿಗೆ ಜೋಡಿಸಿದ್ದು ನಾಲ್ಕೈದು ಸಲ ಇರಬಹುದು. ಬೆಳಕು ವಿಪರೀತ ಕಡಿಮೆಯಾಗುತ್ತದೆ, ಲೆನ್ಸಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಹೂವಿಗೆ 12 ಅಥವಾ 20 ಸಾಕು. ಹನಿಗೆ 36.

ಮೊದಲ ಆರು ತಿಂಗಳು ಹನಿಯ ಫೋಟೋ ಒಂದೂ ಸರಿ ಬರಲಿಲ್ಲ. ಟ್ಯೂಬನ್ನು ಬೈದೆ, ತಪ್ಪು ನನ್ನದೇ ಆಗಿತ್ತು. ನಾನು ಹನಿಯ ಅಂಚಿಗೆ ಫೋಕಸ್ ಮಾಡುತ್ತಿದ್ದೆ. ಹನಿಯೂ ಒಂದು ಪುಟ್ಟ ಲೆನ್ಸೇ ಅಲ್ವಾ? ಹಿಂದೆ ಇಟ್ಟ ಹೂವು ಅದರೊಳಗೆ ತಲೆಕೆಳಗಾಗಿ ಮೂಡುತ್ತದೆ. ಫೋಕಸ್ ಆಗಬೇಕಾದ್ದು ಆ ಚಿಕ್ಕ ಹೂವಿಗೆ. ಹಿಂದಿನ ಹೂವನ್ನೇ ತಲೆಕೆಳಗಾಗಿ ಹಿಡಿದರೆ ಹನಿಯೊಳಗೆ ನೆಟ್ಟಗೆ ನಿಲ್ಲುತ್ತದೆ. ನಿಜ ಗಾತ್ರದ ಹತ್ತಿರ ಹೋದಾಗ, ಅಪರ್ಚರನ್ನು (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಎಫ್/8ಕ್ಕೆ ಕಿರಿದು ಮಾಡಿದರೂ, ಫೋಕಸ್‌ನಲ್ಲಿ ಸಿಗುವುದು ಸುಮಾರು 1 ಮಿ.ಮೀ. ಆಳ. ಉಸಿರು ಬಿಟ್ಟರೂ ಹೋಯ್ತು. ಕಿಂಡಿಯನ್ನು ಇನ್ನೂ ಕಿರಿದು ಮಾಡಿ ಎಫ್/22ಕ್ಕೆ ಇಳಿಸಿ ನೋಡಿದೆ, ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಇಡೀ ಚಿತ್ರವೇ ಮಂಕಾಯಿತು. ಈಗ ಫೋಕಸ್ ರಿಂಗ್ ಮುಟ್ಟುವುದಿಲ್ಲ. ಕ್ಯಾಮೆರಾವನ್ನು ಪುಸ್ತಕದ ಮೇಲಿಟ್ಟು, ಪುಸ್ತಕವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತೇನೆ.

ಸಾದಾ ನೀರು ಬೇಗ ಆರುತ್ತದೆ. ಸ್ವಲ್ಪ ಗ್ಲಿಸರಿನ್ ಬೆರೆಸಿ ಸಿರಿಂಜಿನಿಂದ ಬಿಟ್ಟರೆ ಹನಿ ಜಾಸ್ತಿ ಹೊತ್ತು ಉಳಿಯುತ್ತದೆ. ಮೋಸ ಅನ್ನುವವರಿದ್ದಾರೆ. ಇಬ್ಬನಿ ಅಂತ ಹೇಳಿಕೊಳ್ಳದಿದ್ದರೆ ಆಯ್ತು.

ಇನ್ನು ದೂರು. ನನ್ನ ಸೆಟ್ಟಿನ ಮೌಂಟ್ (ಕ್ಯಾಮೆರಾ, ಲೆನ್ಸಿಗೆ ಕೂಡಿಕೊಳ್ಳುವ ಬಾಯಿ) ಪ್ಲಾಸ್ಟಿಕ್‌ದು. ಎರಡನೇ ವರ್ಷದಲ್ಲಿ ಅಲುಗಾಡಲು ಶುರುವಾಯಿತು. ಕ್ಯಾಮೆರಾಗೂ ಲೆನ್ಸಿಗೂ ವಿದ್ಯುತ್ ಸಂಪರ್ಕ ಕೊಡುವ ಕಾಂಟ್ಯಾಕ್ಟ್ ಸರಿಯಾಗಿ ಕೂರದೆ, ಕ್ಯಾಮೆರಾ ಆಗಾಗ ಲೆನ್ಸೇ ಇಲ್ಲ ಅನ್ನುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಸರಿ. ಒಂದು ದಿನ ಲಾಕ್ ಪಿನ್ ಸಡಿಲವಾಗಿ ಲೆನ್ಸ್ ಕಳಚಿ ಬಿತ್ತು. ಪುಣ್ಯಕ್ಕೆ ಕೆಳಗೆ ಹಾಸಿಗೆ ಇತ್ತು. ಮಾರಿದವರು ವಾರಂಟಿ ಮುಗಿದಿದೆ ಅಂದು ಕೈ ತೊಳೆದುಕೊಂಡರು. ತಗೊಳ್ಳುವುದಾದರೆ ಲೋಹದ ಮೌಂಟ್ ಇರುವುದನ್ನೇ ತಗೊಳ್ಳಿ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇಲ್ಲದ್ದಂತೂ ಬೇಡ, ಅದನ್ನು ಹಾಕಿದರೆ ಇವತ್ತಿನ ಬಹುತೇಕ ಲೆನ್ಸುಗಳಲ್ಲಿ ಅಪರ್ಚರ್ ಬದಲಿಸಲು ಆಗುವುದಿಲ್ಲ.

ಟ್ಯೂಬ್ ಹಾಕಿದರೆ ದೂರದ್ದು ಯಾವುದೂ ಫೋಕಸ್ ಆಗುವುದಿಲ್ಲ. ಬಿಚ್ಚಿ ಹಾಕಿ ಮಾಡುವಾಗ ಧೂಳು ಒಳಗೆ ಸೇರುತ್ತದೆ. ನನ್ನ ಸೆನ್ಸರನ್ನು ಎರಡು ಸಲ ಕ್ಲೀನ್ ಮಾಡಿಸಿದ್ದೇನೆ.

ಮ್ಯಾಕ್ರೋ ಲೆನ್ಸ್ ಇನ್ನೂ ತಗೊಂಡಿಲ್ಲ. 36ರ ಟ್ಯೂಬ್ ಕ್ಯಾಮೆರಾದಲ್ಲೇ ಇದೆ, ಸುತ್ತ ಕಪ್ಪು ಟೇಪ್ ಸುತ್ತಿಕೊಂಡು.