ದಾವಣಗೆರೆಯವರ ವಿಮಾನ ಛಾಯಾಗ್ರಹಣ: ಸೋಗಾನೆಯೋ, ಹುಬ್ಬಳ್ಳಿಯೋ, ಮನೆಯ ಮಾಳಿಗೆಯೋ?

ದಾವಣಗೆರೆಗಾಗಲಿ ಚಿತ್ರದುರ್ಗಕ್ಕಾಗಲಿ ಪ್ರಯಾಣಿಕರ ವಿಮಾನ ಬಂದಿಳಿಯುವ ನಿಲ್ದಾಣವಿಲ್ಲ. ಆದ್ದರಿಂದ ಇಲ್ಲಿ ನೆಲೆಸಿ ವಿಮಾನಗಳ ಚಿತ್ರ ತೆಗೆಯುವ ಹವ್ಯಾಸ ಇಟ್ಟುಕೊಂಡವರಿಗೆ ಮೂರು ದಾರಿಗಳಿವೆ: ಶಿವಮೊಗ್ಗದ ಸೋಗಾನೆಗೆ ಹೋಗುವುದು, ಹುಬ್ಬಳ್ಳಿಗೆ ಹೋಗುವುದು, ಇಲ್ಲವೇ ಮನೆಯ ಮಾಳಿಗೆಯ ಮೇಲೆ ನಿಂತು ಎತ್ತರದಲ್ಲಿ ಹಾದುಹೋಗುವ ವಿಮಾನಗಳಿಗೆ ಕ್ಯಾಮೆರಾ ಹಿಡಿಯುವುದು. ಮೂರನ್ನೂ ಬೇರೆ ಬೇರೆ ಋತುಗಳಲ್ಲಿ ಮಾಡಿ ನೋಡಿದ ಮೇಲೆ, ಗೋಡೆಗೆ ತೂಗುಹಾಕುವಂಥ ಒಂದು ಚಿತ್ರ ಬೇಕಾದರೆ ಸೋಗಾನೆ, ಕೈ ಪಳಗಬೇಕಾದರೆ ಹುಬ್ಬಳ್ಳಿ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಮಾಳಿಗೆಯ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಪ್ರಯಾಣದ ಮಟ್ಟಿಗೆ ಹುಬ್ಬಳ್ಳಿ ದೂರವಾದರೂ ಸುಲಭ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲೇ ನಮ್ಮ ಊರು ಇರುವುದರಿಂದ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಶಿವಮೊಗ್ಗ ಹತ್ತಿರವಿದ್ದರೂ ರೈಲಿನಲ್ಲಿ ಬೀರೂರು ಸುತ್ತಿ ಹೋಗಬೇಕಾಗುತ್ತದೆ. ಸ್ವಂತ ವಾಹನದಲ್ಲಿ ಹೊನ್ನಾಳಿ ಮಾರ್ಗವಾಗಿ ಹೋಗುವುದೇ ಲೇಸು.

ಹುಬ್ಬಳ್ಳಿಯ ರನ್‌ವೇ 2,600 ಮೀಟರ್ ಉದ್ದವಿದ್ದು, ಅಲ್ಲಿ ಏರ್‌ಬಸ್ ಎ320 ಜೆಟ್‌ಗಳೂ ಪ್ರೊಪೆಲ್ಲರ್‌ನಿಂದ ಹಾರುವ ಎಟಿಆರ್ 72 ವಿಮಾನಗಳೂ ಇಳಿಯುವುದನ್ನು ನೋಡಿದ್ದೇನೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್‌ನಷ್ಟು ಉದ್ದವಾಗಿದ್ದರೂ, ಅಲ್ಲಿಗೆ ಬರುವ ವಿಮಾನಗಳು ಕಡಿಮೆ ಮತ್ತು ಬಹುತೇಕ ಚಿಕ್ಕವು: ಇಂಡಿಗೋ ಸಂಸ್ಥೆಯ ಎಟಿಆರ್, ಸ್ಟಾರ್ ಏರ್ ಸಂಸ್ಥೆಯ ಎಂಬ್ರೇಯರ್. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ವಿಮಾನಗಳ ವೇಳಾಪಟ್ಟಿ ಬದಲಾಗುವುದರಿಂದ, ಹಳೆಯ ಸಮಯವನ್ನು ನಂಬಿಕೊಂಡು ಎರಡೂ ಕಡೆಗೆ ಹೊರಡಬಾರದು.

ಸಂಖ್ಯೆ ಕಡಿಮೆ ಎಂಬುದು ಸೋಗಾನೆಯ ಕೊರತೆ ನಿಜ, ಆದರೆ ಬರುವುದರಲ್ಲಿ ಎಟಿಆರ್ ಇದೆ ಎಂಬುದೇ ಅದರ ಸೊಗಸು. ಜೆಟ್ ವಿಮಾನವನ್ನು 1/1000 ಸೆಕೆಂಡಿನ ಶಟರ್ ವೇಗದಲ್ಲಿ, ಅಂದರೆ ಕ್ಯಾಮೆರಾದ ಕಿಂಡಿ ಅಷ್ಟೇ ಹೊತ್ತು ತೆರೆದಿರುವಂತೆ, ಸೆರೆಹಿಡಿದರೆ ಯಾವ ತೊಂದರೆಯೂ ಇಲ್ಲ. ಎಟಿಆರ್‌ನ ಪ್ರತಿ ಪ್ರೊಪೆಲ್ಲರ್‌ಗೆ ಆರು ಅಲಗುಗಳಿದ್ದು, ಮೇಲೇರುವಾಗ ಅದು ನಿಮಿಷಕ್ಕೆ ಸುಮಾರು 1,200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. 1/1000 ಸೆಕೆಂಡಿನಲ್ಲಿ ಒಂದು ಅಲಗು ಸರಿಯುವುದು ಏಳು ಡಿಗ್ರಿಯಷ್ಟು ಮಾತ್ರವಾದ್ದರಿಂದ, ಎಂಜಿನ್ ನಿಂತ ವಿಮಾನವೊಂದು ಗಾಳಿಯಲ್ಲಿ ತೂಗಾಡುತ್ತಿರುವಂತೆ ಚಿತ್ರ ಬರುತ್ತದೆ. 1/250ಕ್ಕೆ ಇಳಿಸಿದರೆ ಅಲಗು 29 ಡಿಗ್ರಿ ಸರಿದು ಚಲನೆ ಕಾಣತೊಡಗುತ್ತದೆ. 1/125ಕ್ಕೆ ಬಂದಾಗ ಸರಿಯುವ ದೂರ ಸುಮಾರು 58 ಡಿಗ್ರಿ. ಅಲಗುಗಳ ನಡುವಿನ ಅಂತರ 60 ಡಿಗ್ರಿ ಇರುವುದರಿಂದ ಒಂದರ ಜಾಡು ಇನ್ನೊಂದರ ಜಾಡಿಗೆ ಹತ್ತಿಕೊಂಡು, ಮೂಗಿನ ಎರಡೂ ಬದಿಗೆ ಪೂರ್ಣ ಚಕ್ರ ಮೂಡುತ್ತದೆ. ಆದರೆ ಅಷ್ಟು ನಿಧಾನವಾದ ಶಟರ್‌ನಲ್ಲಿ ವಿಮಾನದ ವೇಗಕ್ಕೆ ಸರಿಯಾಗಿ ಸೊಂಟದಿಂದಲೇ ತಿರುಗುತ್ತಾ ಕ್ಯಾಮೆರಾವನ್ನು ಒಯ್ಯಬೇಕು. ಹಿಂಬದಿಯಲ್ಲಿ ಬರೆದಿರುವ ‘ವಿಟಿ’ಯಿಂದ ಆರಂಭವಾಗುವ ನೋಂದಣಿ ಅಕ್ಷರಗಳು ಓದಲು ಬಂದರೆ ಆ ಚಿತ್ರ ಗೆದ್ದಿತೆಂದು ನಾನು ಲೆಕ್ಕ ಹಾಕುತ್ತೇನೆ. ಈ ಅಭ್ಯಾಸಕ್ಕೆ ಹುಬ್ಬಳ್ಳಿಯೇ ತಕ್ಕದ್ದು, ಏಕೆಂದರೆ ಅಲ್ಲಿ ಒಂದು ವಿಮಾನ ಕೈತಪ್ಪಿದರೆ ಅದೇ ದಿನ ಮತ್ತೊಂದು ಬರುತ್ತದೆ.

ಬೆಳಕಿನ ಲೆಕ್ಕದಲ್ಲಿಯೂ ಹುಬ್ಬಳ್ಳಿ ಸರಳ. ಅಲ್ಲಿನ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುವುದರಿಂದ, ವಿಮಾನ ಬರುವ ದಾರಿಯ ದಕ್ಷಿಣ ಮಗ್ಗುಲಿನಲ್ಲಿ ನಿಂತರೆ ಬಿಸಿಲು ನಮ್ಮ ಬೆನ್ನಿಗೆ, ವಿಮಾನದ ಮೈಗೆ. ನಮ್ಮ ಭಾಗದಲ್ಲಿ ಮೇ ತಿಂಗಳ ಆರಂಭದಿಂದ ಆಗಸ್ಟ್ ನಡುವಿನ ತನಕ ನಡುಹಗಲ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ. ಆಗ ಬೆಳಕು ಮೇಲಿನಿಂದ ಬಿದ್ದು ರೆಕ್ಕೆಯ ಅಡಿ ಕಪ್ಪಾಗುವುದರಿಂದ ಬೆಳಗಿನ ಮತ್ತು ಸಂಜೆಯ ವಿಮಾನಗಳನ್ನು ಮಾತ್ರ ನೆಚ್ಚಬೇಕು. ವಿಮಾನಗಳು ಗಾಳಿಗೆ ಎದುರಾಗಿ ಇಳಿಯುವುದರಿಂದ, ಮುಂಗಾರಿನ ಪಡುವಣ ಗಾಳಿ ಬೀಸುವಾಗ ಸಾಮಾನ್ಯವಾಗಿ ಪೂರ್ವದ ಕಡೆಯಿಂದ, ಅಂದರೆ ನಗರದ ಮೇಲಿನಿಂದ ಬರುತ್ತವೆ ಎಂಬುದನ್ನೂ ನೆನಪಿಡಬೇಕು.

ಸೋಗಾನೆಯ ಬಯಲಿಗೆ ಮಳೆಗಾಲವೇ ಹಬ್ಬ. ಮಳೆ ನಿಂತ ಮೇಲೆ ನೆಲದ ಕಾವು ಇಳಿದಿರುತ್ತದೆ, ಹಸಿರು ಹೊಳೆಯುತ್ತದೆ, ದೂರದ ವಿಮಾನವನ್ನು ಅಲುಗಾಡಿಸುವ ಬಿಸಿಲಝಳ ಇರುವುದಿಲ್ಲ. ಅದೇ ಮಳೆಗಾಲದ ತಗ್ಗಿನ ಮೋಡದಿಂದ ವಿಮಾನ ತಡವಾಗುವುದೂ ಉಂಟು. ಕಾಯುವ ತಾಳ್ಮೆ ಇದ್ದವರು ಮಾತ್ರ ಹೋಗಬೇಕು.

ಲೆನ್ಸ್‌ಗೆ ದೊಡ್ಡ ಮೊತ್ತ ಸುರಿಯುವ ಮೊದಲು ಒಂದು ಲೆಕ್ಕ ನೋಡಿ. ಎಟಿಆರ್ 72ರ ಉದ್ದ 27 ಮೀಟರ್. ಅದು 400 ಮೀಟರ್ ದೂರದಲ್ಲಿ ಅಡ್ಡಲಾಗಿ ಹಾದಾಗ, ಎಪಿಎಸ್‌-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರ್‌ನ ಕ್ಯಾಮೆರಾದಲ್ಲಿ 300 ಎಂಎಂ ಲೆನ್ಸ್ ಅದನ್ನು ಚೌಕಟ್ಟಿನ ಹತ್ತರಲ್ಲಿ ಎಂಟು–ಒಂಬತ್ತು ಪಾಲು ತುಂಬಿಸುತ್ತದೆ. ಆದ್ದರಿಂದ ನಿಲ್ದಾಣದ ಬಳಿಯ ಚಿತ್ರಗಳಿಗೆ ಸಾಮಾನ್ಯ 70–300 ಎಂಎಂ ಲೆನ್ಸ್ ಧಾರಾಳವಾಗಿ ಸಾಕು. ನಾನು 150–600 ಎಂಎಂ ಲೆನ್ಸನ್ನೂ ಎರಡೂ ಕಡೆ ಬಳಸಿ ನೋಡಿದೆ. ಅದರ ಭಾರ ಹೊತ್ತು ನಿಧಾನ ಶಟರ್‌ನಲ್ಲಿ ತಿರುಗುವುದು ಕಷ್ಟ, ಚಿತ್ರದಲ್ಲಿ ಲಾಭವೂ ಕಾಣಲಿಲ್ಲ.

ಮಾಳಿಗೆಯ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಬೆಂಗಳೂರಿನಿಂದ ವಾಯವ್ಯಕ್ಕೆ ಹೋಗುವ ವಿಮಾನಗಳು ನಮ್ಮ ಜಿಲ್ಲೆಗಳ ಆಕಾಶವನ್ನು ಹಾಯುತ್ತವೆ, ಮತ್ತು ಯಾವುದು ಎಲ್ಲಿಗೆ ಹೋಗುತ್ತಿದೆಯೆಂದು ವಿಮಾನಗಳ ಜಾಡು ಹಿಡಿಯುವ ಫ್ಲೈಟ್‌ರೇಡಾರ್24 ಆ್ಯಪ್ ತೋರಿಸುತ್ತದೆ. ಆದರೆ 35,000 ಅಡಿಯೆಂದರೆ ಹತ್ತೂವರೆ ಕಿಲೋಮೀಟರ್‌ಗಿಂತ ಹೆಚ್ಚು. ಅಷ್ಟು ಎತ್ತರದ ಎ320 ನೇರ ನೆತ್ತಿಯ ಮೇಲಿದ್ದರೂ, ಅದೇ ಕ್ಯಾಮೆರಾದ 300 ಎಂಎಂ ಲೆನ್ಸ್‌ನಲ್ಲಿ ಚೌಕಟ್ಟಿನ ಇಪ್ಪತ್ತರಲ್ಲೊಂದು ಪಾಲೂ ಆಗುವುದಿಲ್ಲ. 600 ಎಂಎಂ ಅದನ್ನು ಹತ್ತರಲ್ಲೊಂದು ಪಾಲಿನ ಸಮೀಪಕ್ಕೆ ತರುತ್ತದೆ. ಇಲ್ಲಿ ನಿಕಾನ್ ಪಿ1000 ಮಾದರಿಯ ದೀರ್ಘ ಜೂಮ್ ಕ್ಯಾಮೆರಾ ಗೆಲ್ಲುತ್ತದೆ. 3000 ಎಂಎಂಗೆ ಸಮನಾದ ಅದರ ಜೂಮ್‌ನಲ್ಲಿ ಅದೇ ವಿಮಾನ ಚೌಕಟ್ಟಿನ ನಾಲ್ಕನೇ ಒಂದಕ್ಕಿಂತ ಹೆಚ್ಚು ತುಂಬುತ್ತದೆ, ಎಂಜಿನ್‌ಗಳ ಹಿಂದೆ ಬಿಳಿಯ ಹಬೆಗೆರೆ ಬೇರೆ ಬೇರೆಯಾಗಿ ಹೊರಡುವ ಜಾಗವೂ ಕಾಣುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಏಳರಿಂದ ಒಂಬತ್ತರ ತನಕ ತಾರಸಿ ಕಾಯದಿರುವಾಗ ಇದನ್ನು ಮಾಡಬೇಕು. ಏಪ್ರಿಲ್ ಮಧ್ಯಾಹ್ನ ಬರುವುದು ಕಲಸಿದ ಬಿಳಿ ಚುಕ್ಕೆ ಮಾತ್ರ.

ಎಲ್ಲಿಯೇ ಆಗಲಿ ನಿಲ್ದಾಣದ ಬೇಲಿಗೆ ಅಂಟಿಕೊಂಡು ನಿಲ್ಲಬಾರದು, ಡ್ರೋನ್ ಹಾರಿಸುವ ಯೋಚನೆಯನ್ನೂ ಮಾಡಬಾರದು, ಭದ್ರತಾ ಸಿಬ್ಬಂದಿ ಬೇಡವೆಂದರೆ ಮರುಮಾತಿಲ್ಲದೆ ಕ್ಯಾಮೆರಾ ಒಳಗಿಡಬೇಕು. ಚಿತ್ರದುರ್ಗದ ಗೆಳೆಯರು ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದ ಬಗ್ಗೆ ಕೇಳುತ್ತಾರೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನದ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ ಅದು ತಾನಾಗಿ ಬಂದು ಇಳಿದದ್ದು ಅಲ್ಲಿಯೇ, ಚಿತ್ರದುರ್ಗ ಜಿಲ್ಲೆಯ ನೆಲದ ಮೇಲೆ. ಆದರೆ ಅದು ರಕ್ಷಣಾ ಸಂಶೋಧನಾ ಸಂಸ್ಥೆಯ ಜಾಗ. ಅದರ ಹತ್ತಿರ ಕ್ಯಾಮೆರಾ ಒಯ್ಯದೆ, ಇಸ್ರೋ ತಾನೇ ಬಿಡುಗಡೆ ಮಾಡಿದ ಚಿತ್ರಗಳನ್ನು ನೋಡುವುದೇ ಸರಿ.