ಬಾರ್ಬಡಾಸ್‌ಗೆ ಹೋಗೋರು ದಯವಿಟ್ಟು ಓದಿ: ಬುಕಿಂಗ್ ಕ್ಯಾನ್ಸಲ್ ಮಾಡಿ ಅಂದರೆ ಮಾಡಬೇಡಿ

ಬರೆಯಲೋ ಬೇಡವೋ ಅಂತ ಮೂರು ವಾರ ಸುಮ್ಮನಿದ್ದೆ. ಹೇಳಿಕೊಳ್ಳೋಕೆ ನಾಚಿಕೆ. ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಆನ್‌ಲೈನ್ ಮೋಸದ ಬಗ್ಗೆ ಟ್ರೇನಿಂಗ್ ಕೊಟ್ಟು ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ನೂರಕ್ಕೆ ನೂರು ತೆಗೆದವನು ನಾನು. ಆದರೂ ಕೈಯಾರೆ ಬುಕಿಂಗ್ ಕ್ಯಾನ್ಸಲ್ ಮಾಡಿ, ಕೈಯಾರೆ ದುಡ್ಡು ಕಳಿಸಿ, ಕೊಳೆತ ಮೊಟ್ಟೆ ವಾಸನೆ ಹೊಡೆಯುವ ಮನೆಯಲ್ಲಿ ಏಳು ರಾತ್ರಿ ಮಲಗಿ ಬಂದಿದ್ದೇನೆ. ಆರು ಜನ.

ನಾವಿರುವುದು ನ್ಯೂಜೆರ್ಸಿಯಲ್ಲಿ. ತೀರ್ಥಹಳ್ಳಿಯಿಂದ ಅತ್ತೆ ಮಾವ ಬಂದಿದ್ದರು. ಮಾವನಿಗೆ ನಯಾಗರಾ ಬೇಡ, ವಾಷಿಂಗ್ಟನ್ ಬೇಡ. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದ, ಕೆರಿಬಿಯನ್ ದ್ವೀಪ ಬಾರ್ಬಡಾಸ್‌ನ ಕೆನ್ಸಿಂಗ್ಟನ್ ಓವಲ್ ಮೈದಾನ ನೋಡಬೇಕು, ನಮ್ಮ ದ್ರಾವಿಡ್ ಕಪ್ ಎತ್ತಿ ಕೂಗಿದ ಜಾಗ. ಸರಿ, ನ್ಯೂಯಾರ್ಕ್‌ನಿಂದ ನೇರ ವಿಮಾನ ಇದೆ, ಐದು ಗಂಟೆಯ ದಾರಿ, ಭಾರತದ ಪಾಸ್‌ಪೋರ್ಟ್‌ಗೆ ಬಾರ್ಬಡಾಸ್ ವೀಸಾ ಕೇಳುವುದಿಲ್ಲ. ವೀಸಾ ವಿಷಯದಲ್ಲಿ ಮಾತ್ರ ನಾನು ಬಹಳ ಜಾಣ. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಸ್ಟ್ಯಾಂಪಿನ ಅವಧಿ ಮುಗಿದವರು ಕೆನಡಾ, ಮೆಕ್ಸಿಕೋಗೆ ಹೋಗಿ 30 ದಿನದೊಳಗೆ ವಾಪಸ್ ಬರಬಹುದು ಅನ್ನುವ ವಿನಾಯಿತಿ ಇದೆಯಲ್ಲ, ಅದು ನನ್ನಂತೆ ಎಚ್‌1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರಿಗೆ ಈ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ಅದನ್ನೆಲ್ಲ ಓದಿ ನನ್ನ ಸ್ಟ್ಯಾಂಪಿನ ತಾರೀಖು ಎರಡೆರಡು ಸಲ ನೋಡಿಕೊಂಡಿದ್ದೆ. ಮನೆ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತೋ.

ಎಲ್ಲರಿಗೂ ಗೊತ್ತಿರುವ ದೊಡ್ಡ ವೆಬ್‌ಸೈಟಿನಲ್ಲೇ ಮನೆ ಬುಕ್ ಮಾಡಿದ್ದು. ಪಶ್ಚಿಮ ಕರಾವಳಿ, ಹೋಲ್‌ಟೌನ್ ಹತ್ತಿರ, ಮೂರು ಬೆಡ್‌ರೂಮ್, ಏಳು ರಾತ್ರಿಗೆ 4,340 ಡಾಲರ್. ಜುಲೈ ಕೊನೆ, ಅಲ್ಲಿ ಕ್ರಾಪ್ ಓವರ್ ಹಬ್ಬದ ಸಮಯ, ರೇಟು ಜಾಸ್ತಿ. ಮಾರನೇ ದಿನ ಮನೆ ನೋಡಿಕೊಳ್ಳುವ ಮ್ಯಾನೇಜರ್ ಹೆಂಗಸಿನಿಂದ ಮೆಸೇಜ್. ‘ಸೈಟಿನವರು ಕಮಿಷನ್ ತಿನ್ನುತ್ತಾರೆ ಡಿಯರ್, ನಿಮ್ಮದು ಫ್ಯಾಮಿಲಿ, ನಿಮಗೆ 3,500ಕ್ಕೆ ಕೊಡುತ್ತೇನೆ, ವಾಟ್ಸಾಪ್ ಮಾಡಿ.’ ಫೋನ್ ನಂಬರನ್ನು ಅಂಕಿಯಲ್ಲಿ ಬರೆದಿರಲಿಲ್ಲ. ಎರಡು, ನಾಲ್ಕು, ಆರು ಅಂತ ಅಕ್ಷರದಲ್ಲಿ ಬಿಡಿಸಿ ಬಿಡಿಸಿ ಬರೆದಿದ್ದಳು. ಅಂಕಿಯಲ್ಲಿ ಬರೆದರೆ ಸೈಟು ಹಿಡಿದು ಅಳಿಸಿಬಿಡುತ್ತದೆ, ಅದಕ್ಕೇ. ಆಗಲೇ ತಿಳಿಯಬೇಕಿತ್ತು. ನನಗೆ ಏನನ್ನಿಸಿತು ಗೊತ್ತಾ? ಪರವಾಗಿಲ್ಲ, ಚುರುಕಿದ್ದಾಳೆ ಅಂತ.

840 ಡಾಲರ್ ಉಳಿಯುತ್ತದೆ ಅನ್ನೋ ಆಸೆ. ಹೆಂಡತಿ ಬೇಡ ಅಂದಳು. ಬೇಡ ಅಂತ ಎರಡು ಸಲ ಅಂದಳು, ಈಗ ದಿನಾ ಅದನ್ನು ನೆನಪಿಸುತ್ತಾಳೆ, ನೆನಪಿಸಲಿ. ದುಡ್ಡನ್ನು ಝೆಲ್‌ನಲ್ಲಿ ಕಳಿಸಿ ಅಂದಳು ಮ್ಯಾನೇಜರ್. ಝೆಲ್ ನಡೆಯುವುದು ಅಮೆರಿಕದ ಬ್ಯಾಂಕ್ ಖಾತೆಗಳ ನಡುವೆ ಮಾತ್ರ. ಬಾರ್ಬಡಾಸ್‌ನಲ್ಲಿ ಕೂತವಳಿಗೆ ಝೆಲ್ ಎಲ್ಲಿಂದ ಬಂತು ಅಂತ ಕೇಳಿದೆ, ಇಷ್ಟು ಮಾತ್ರ ಕೇಳಿದೆ. ‘ಫ್ಲೋರಿಡಾದಲ್ಲಿ ನನ್ನ ಅಣ್ಣ ಇದ್ದಾನೆ ಡಿಯರ್.’ ಖಾತೆಯ ಹೆಸರು ನೋಡಿದರೆ ಅದು ಯಾವುದೋ ಹೆಂಗಸಿನ ಹೆಸರು. ಕಳಿಸಿದೆ. ಪೂರ್ತಿ 3,500. ಆಮೇಲೆ ‘ಇಲ್ಲಿಂದ ಕ್ಯಾನ್ಸಲ್ ಮಾಡಿದರೆ ನಮಗೆ ದಂಡ ಬೀಳುತ್ತದೆ, ಸೈಟಿನಲ್ಲಿ ನೀವೇ ಕ್ಯಾನ್ಸಲ್ ಒತ್ತಿಬಿಡಿ’ ಅಂದಳು. ಒತ್ತಿದೆ.

ಹೊರಡಲು ಐದು ದಿನ ಇದ್ದಾಗ ಮೆಸೇಜ್ ಬಂತು. ಆ ಮನೆಯ ನೀರಿನ ಪೈಪ್ ಒಡೆದಿದೆ, ರಿಪೇರಿಗೆ ಹದಿನೈದು ದಿನ ಬೇಕು. ಚಿಂತೆ ಬೇಡ, ಸೇಂಟ್ ಫಿಲಿಪ್‌ನಲ್ಲಿ ನಮ್ಮದೇ ಇನ್ನೊಂದು ಮನೆ ಇದೆ, ಇದಕ್ಕಿಂತ ದೊಡ್ಡದು, ಅದೂ ಬೀಚ್ ಎದುರಿಗೇ, ನಿಮಗೆ ಫ್ರೀ ಅಪ್‌ಗ್ರೇಡ್. ಕೆಳಗೆ ಫೋಟೋ. ಜಗಲಿ, ಎರಡು ನೀಲಿ ಕುರ್ಚಿ, ಎದುರಿಗೆ ಸಮುದ್ರದಲ್ಲಿ ಮುಳುಗುತ್ತಿರುವ ಸೂರ್ಯ. ನಾನು ಮ್ಯಾಪ್ ತೆಗೆದು ನೋಡಲಿಲ್ಲ. ಥ್ಯಾಂಕ್ಸ್ ಹೇಳಿದೆ, ಜೊತೆಗೆ ಕೈ ಮುಗಿಯುವ ಎಮೋಜಿ ಬೇರೆ ಹಾಕಿದೆ. ಆ ಎಮೋಜಿ ಈಗಲೂ ಫೋನ್‌ನಲ್ಲಿದೆ, ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಮನೆ ಸೇರುವಾಗ ಕತ್ತಲಾಗಿತ್ತು. ಬಾಗಿಲು ತೆಗೆದ ಕೂಡಲೇ ಅತ್ತೆ ಮೂಗು ಮುಚ್ಚಿಕೊಂಡರು. ಎಲ್ಲೋ ಮೊಟ್ಟೆ ಕೊಳೆತಿದೆ ಅಂತ ಮಕ್ಕಳು ಫ್ರಿಜ್ ಎಲ್ಲ ಹುಡುಕಿದರು. ಬೆಳಿಗ್ಗೆ ಆರು ಗಂಟೆ ಹೊತ್ತಿಗೆ ಮಾವ ಜಗಲಿಯಿಂದ ಕರೆದರು. ಹೋಗಿ ನೋಡಿದರೆ ಫೋಟೋದಲ್ಲಿದ್ದ ಅದೇ ನೀಲಿ ಕುರ್ಚಿ, ಕಾಲು ತುಕ್ಕು ಹಿಡಿದಿದೆ, ಅದರಲ್ಲಿ ಮಾವ ಕೂತಿದ್ದಾರೆ, ಎದುರಿಗೆ ಸಮುದ್ರ, ಅದರ ಮೇಲೆ ಸೂರ್ಯ. “ಅಲ್ಲ ಮಾರಾಯ್ರೆ, ನೀವು ತೋರಿಸಿದ ಫೋಟೋದಲ್ಲಿ ಸೂರ್ಯ ಈ ಸಮುದ್ರದಲ್ಲೇ ಮುಳುಗ್ತಾ ಇದ್ದ ಅಲ್ವಾ? ಇಲ್ಲಿ ಹುಟ್ತಾ ಇದ್ದಾನಲ್ಲ.”

ಅಷ್ಟೇ. ಅಲ್ಲಿಗೆ ಅರ್ಥವಾಯಿತು. ಪೂರ್ವ ದಿಕ್ಕು. ಕೆರಿಬಿಯನ್ ಅಲ್ಲ, ಅಟ್ಲಾಂಟಿಕ್ ಕಡೆ. ಬಾರ್ಬಡಾಸ್‌ನ ಪಶ್ಚಿಮದಲ್ಲಿ ಸಮುದ್ರ ಕೆರೆಯ ಹಾಗೆ ಶಾಂತ, ಪೂರ್ವದಲ್ಲಿ ಅಲೆಗಳ ಅಬ್ಬರ, ಮಕ್ಕಳನ್ನು ಇಳಿಸುವ ಮಾತೇ ಇಲ್ಲ. ಫೋಟೋ ಸೂರ್ಯೋದಯದ್ದು, ಅದನ್ನು ಸೂರ್ಯಾಸ್ತ ಅಂತ ಮಾರಿದ್ದಾಳೆ. ಕೆಳಗೆ ಮರಳು ಕಾಣುತ್ತಲೇ ಇಲ್ಲ, ಮಂಡಿ ಎತ್ತರಕ್ಕೆ ಕಂದು ಬಣ್ಣದ ಕಡಲ ಪಾಚಿ, ಸರ್ಗಾಸಮ್ ಅನ್ನುತ್ತಾರೆ. 2011ರಿಂದ ಹೆಚ್ಚು ಕಡಿಮೆ ಪ್ರತಿ ವರ್ಷ ಅಟ್ಲಾಂಟಿಕ್‌ನಿಂದ ತೇಲಿ ಬಂದು ಈ ದ್ವೀಪಗಳ ಪೂರ್ವದ ದಡಕ್ಕೆ ಬೀಳುತ್ತದೆ, ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಮೊಟ್ಟೆ ವಾಸನೆ ಅದೇ. ಮೂರನೇ ದಿನಕ್ಕೆ ಅತ್ತೆಯ ಬೆಳ್ಳಿ ಕಾಲುಂಗುರ ಇದ್ದಿಲಿನ ಹಾಗೆ ಕಪ್ಪಾಯಿತು. ಯಾರದೋ ದೃಷ್ಟಿ ಅಂತ ಅತ್ತೆ ಹೆದರಿದರು. ಆ ಗ್ಯಾಸ್‌ನಿಂದ ಬೆಳ್ಳಿ ಹಾಗಾಗುತ್ತದೆ ಅಂತ ಹೇಳಿದರೂ ನಂಬಲಿಲ್ಲ.

ಇನ್ನು ಅವಳ ಉತ್ತರಗಳು. ಪಾಚಿಯ ಫೋಟೋ ಕಳಿಸಿದೆ: ‘ಅದು ಪ್ರಕೃತಿ ಡಿಯರ್, ನಮ್ಮ ಕೈಯಲ್ಲಿಲ್ಲ.’ ಪಾಚಿ ಬರುವುದು ನಿನಗೆ ಗೊತ್ತಿರಲಿಲ್ಲವಾ ಅಂದೆ: ‘ನೀವು ಕೇಳಲಿಲ್ಲ.’ ಕೇಳಲಿಲ್ಲವಂತೆ! ಸೂರ್ಯಾಸ್ತ ಅಂದಿದ್ದೆಯಲ್ಲ ಅಂದೆ: ‘ಹಿಂಬದಿ ಪಾರ್ಕಿಂಗ್‌ನಿಂದ ಸೂರ್ಯಾಸ್ತ ತುಂಬಾ ಚೆನ್ನಾಗಿ ಕಾಣುತ್ತದೆ.’ ಇದನ್ನು ಓದಿ ನನ್ನ ಹೆಂಡತಿ ಆ ಸಿಟ್ಟಿನಲ್ಲೂ ನಕ್ಕುಬಿಟ್ಟಳು. ಅರ್ಧ ದುಡ್ಡಾದರೂ ವಾಪಸ್ ಕೊಡು ಅಂದಿದ್ದಕ್ಕೆ, ಮನೆ ಕೊಟ್ಟಿದ್ದೇವೆ, ನೀವು ಒಳಗೆ ಇದ್ದೀರಿ, ರೀಫಂಡ್ ಹೇಗೆ ಬರುತ್ತದೆ ಅಂತ ಉಲ್ಟಾ ಪ್ರಶ್ನೆ. ಅದಾದ ಮೇಲೆ ಎರಡು ನೀಲಿ ಟಿಕ್ ಮಾತ್ರ.

ಸೈಟಿಗೆ ಫೋನ್ ಮಾಡಿದೆ. ಆ ಹುಡುಗ ಪಾಪ ಮರ್ಯಾದೆಯಿಂದಲೇ ಮಾತಾಡಿದ. ಸರ್, ನಿಮ್ಮ ಹೆಸರಲ್ಲಿ ಯಾವ ಬುಕಿಂಗೂ ಇಲ್ಲ, ನೀವೇ ಕ್ಯಾನ್ಸಲ್ ಮಾಡಿದ್ದೀರಿ. ಬ್ಯಾಂಕಿನವರು ಹೇಳಿದ್ದೂ ಅದೇ ರಾಗ, ನೀವೇ ಒಪ್ಪಿ ಕಳಿಸಿದ್ದೀರಿ. ನೀವೇ, ನೀವೇ, ನೀವೇ. ನಿಜ, ನಾನೇ.

ಬೇರೆ ಹೋಟೆಲ್ ಕೇಳಿದರೆ ಹಬ್ಬದ ರೇಟು, ಕೈಗೆಟುಕಲಿಲ್ಲ. ಅಲ್ಲಿ ಬೀಚುಗಳೆಲ್ಲ ಸಾರ್ವಜನಿಕರದ್ದೇ, ಹಾಗಾಗಿ ದಿನಾ ಟ್ಯಾಕ್ಸಿ ಹಿಡಿದು ಪಶ್ಚಿಮಕ್ಕೆ ಹೋಗಿ ಬಂದೆವು. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮುಂಚೆಯೇ ರೇಟು ಮಾತಾಡಬೇಕು, ಯಾವ ಡಾಲರ್ ಅಂತಲೂ ಕೇಳಬೇಕು. ಎರಡು ಬಾರ್ಬಡಾಸ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್. ಈ ಮ್ಯಾನೇಜರ್ ಮನೆ ತೊಳೆಯೋಕೆ 150 ಅಂತ ಮಾತ್ರ ಬರೆದಿದ್ದಳು. ಕೊನೇ ದಿನ 75 ಅಮೆರಿಕನ್ ಡಾಲರ್ ಕೊಡಲು ಹೋದರೆ, ಇಲ್ಲ ಪೂರ್ತಿ 150 ಅಮೆರಿಕನ್ ಡಾಲರೇ ಅಂತೆ. ಅದನ್ನೂ ಕೊಟ್ಟೆ. ವಿಮಾನಕ್ಕೆ ಹೊತ್ತಾಗಿತ್ತು.

ಓವಲ್ ನೋಡಿದೆವು. ಹೊರಗೆ ಹಳೆಯ ಕ್ರಿಕೆಟಿಗ ಗ್ಯಾರಿ ಸೋಬರ್ಸ್ ಪ್ರತಿಮೆ ಮುಂದೆ ಮಾವ ಫೋಟೋ ತೆಗೆಸಿಕೊಂಡರು, ಖುಷಿಯಾಗಿದ್ದರು. ಇಡೀ ವಾರದಲ್ಲಿ ಅದೊಂದೇ.

ನಾನು ಹೇಳೋದಿಷ್ಟೆ. ಸೈಟಿನಲ್ಲಿ ಬುಕ್ ಮಾಡಿದ್ದನ್ನು ಅಲ್ಲೇ ಬಿಡಿ, ಹೊರಗೆ ಬಾ ಅಂತ ಕರೆದವರ ಮೆಸೇಜನ್ನು ಆಗಲೇ ಸೈಟಿಗೆ ರಿಪೋರ್ಟ್ ಮಾಡಿ. ಝೆಲ್ ಬೇಡ, ಕ್ರೆಡಿಟ್ ಕಾರ್ಡ್ ಇದ್ದರೆ ಜಗಳ ಮಾಡೋಕಾದರೂ ಒಂದು ದಾರಿ ಇರುತ್ತದೆ. ಮನೆ ಬದಲಾಯಿತು ಅಂದರೆ ಮ್ಯಾಪ್‌ನಲ್ಲಿ ಪೂರ್ವವೋ ಪಶ್ಚಿಮವೋ ನೋಡಿ, ಬೇಸಿಗೆಯಲ್ಲಾದರೆ ಪಾಚಿ ಇದೆಯಾ ಅಂತ ಬರಹದಲ್ಲೇ ಕೇಳಿ. ಹೆಂಡತಿ ಬೇಡ ಅಂದರೆ ಕೇಳಿ.

ಮೊನ್ನೆ ಮತ್ತೆ ಅವಳ ಮೆಸೇಜ್. ‘ಹಲೋ ಡಿಯರ್, ಕ್ರಿಸ್‌ಮಸ್ ತಾರೀಖುಗಳು ಬೇಗ ತುಂಬುತ್ತಿವೆ, ಹಳೆಯ ಗ್ರಾಹಕರಿಗೆ ವಿಶೇಷ ರೇಟು.’ ಕೆಳಗೆ ಅದೇ ಫೋಟೋ, ಅದೇ ನೀಲಿ ಕುರ್ಚಿ, ಅದೇ ಸೂರ್ಯ. ಸ್ಕ್ರೀನ್‌ಶಾಟ್ ತೆಗೆದು ಸೈಟಿಗೆ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಅತ್ತೆ ಕಾಲುಂಗುರವನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಲೇ ಇದ್ದಾರೆ.