ವಿದೇಶದ ಓದಿಗೆ ದುಡ್ಡು: ಮನೆ ಅಡವಿಟ್ಟ ಬ್ಯಾಂಕ್ ಸಾಲವೋ, ಅಡಮಾನ ಕೇಳದ ಫೈನಾನ್ಸ್ ಸಾಲವೋ, ಬಂಗಾರದ ಸಾಲವೋ?

ಮೊದಲೇ ಹೇಳಿಬಿಡುತ್ತೇನೆ: ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಮನೆಗಳಿಗೆ ನನ್ನ ಆಯ್ಕೆ ಸರ್ಕಾರಿ ಬ್ಯಾಂಕಿನ ಶಿಕ್ಷಣ ಸಾಲ, ಅದೂ ಮನೆಯನ್ನು ಅಡವಿಟ್ಟು ತೆಗೆಯುವ ಸಾಲ. ಬಡ್ಡಿ ಕಡಿಮೆ, ತೀರಿಸಲು 15 ವರ್ಷದ ತನಕ ಸಮಯ, ಓದು ಮುಗಿದು ಒಂದು ವರ್ಷದವರೆಗೆ ಕಂತಿನ ಕಾಟ ಇಲ್ಲ. ಇಷ್ಟೆಲ್ಲ ಇದ್ದರೂ ಈ ಭಾಗದ ಬಹಳಷ್ಟು ಹುಡುಗರು ಕೊನೆಗೆ ದುಬಾರಿ ಫೈನಾನ್ಸ್ ಕಂಪನಿಯ ಸಾಲಕ್ಕೇ ಸಹಿ ಹಾಕುತ್ತಾರೆ. ಬ್ಯಾಂಕು ಕೊಡಲ್ಲ ಅಂತಲ್ಲ, ಮನೆಯ ಕಾಗದ ವೇಳೆಗೆ ಸರಿಯಾಗಿ ಕೈಗೆ ಬಂದಿರುವುದಿಲ್ಲ.

ಬಡ್ಡಿಯ ಫರಕು ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಲೆಕ್ಕ. 30 ಲಕ್ಷ ಸಾಲ, 15 ವರ್ಷದ ಕಂತು ಅಂತ ಹಿಡಿಯಿರಿ. ಬಡ್ಡಿ ಶೇ. 9.5 ಇದ್ದರೆ ತಿಂಗಳ ಕಂತು ಸುಮಾರು 31,330 ರೂಪಾಯಿ. ಶೇ. 12.5 ಆದರೆ ಸುಮಾರು 36,980. ತಿಂಗಳಿಗೆ 5,650 ರೂಪಾಯಿ ಹೆಚ್ಚು. 15 ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ನಿಮಗೆ ಸಿಗುವ ದರ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಇನ್ನೊಂದು ಮಾತು: ಸರ್ಕಾರಿ ಬ್ಯಾಂಕಿನಲ್ಲಿ ಓದುವ ಕಾಲಕ್ಕೆ ಬರೀ ಸರಳ ಬಡ್ಡಿ. ಅದನ್ನು ಆಗಾಗ್ಗೆ ಕಟ್ಟಿಕೊಂಡು ಹೋದರೆ ಕೆಲವು ಬ್ಯಾಂಕುಗಳು ಶೇ. 1ರ ತನಕ ರಿಯಾಯಿತಿ ಕೊಡುತ್ತವೆ. ಹೆಣ್ಣುಮಕ್ಕಳಿಗೆ ಎಸ್‌ಬಿಐನಂಥ ಕಡೆ ಅರ್ಧ ಶೇಕಡಾ ಕಡಿಮೆ ಇದೆ. ಅರ್ಜಿ ಹಾಕುವಾಗ ಬಾಯಿಬಿಟ್ಟು ಕೇಳಿ.

ಇನ್ನು ನಿಜವಾದ ತೊಡಕಿಗೆ ಬರೋಣ.

ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ, 7.5 ಲಕ್ಷದವರೆಗೆ ಜಾಮೀನು ಸಾಕು, ಅದರ ಮೇಲೆ ಆಸ್ತಿ ಅಡಮಾನ. ವಿದೇಶದ ಓದಿಗೆ 7.5 ಲಕ್ಷ ಎಲ್ಲಿಗೂ ಸಾಲದು, ಹಾಗಾಗಿ ಆಸ್ತಿ ಬೇಕೇ ಬೇಕು. ಆಸ್ತಿ ಅಂದ ಕೂಡಲೇ ನಮ್ಮ ಕಡೆ ನೆನಪಾಗುವುದು ಹೊಲ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ನೀರು ಬರುವ ಹತ್ತು ಎಕರೆ ಇದ್ದರೆ ಅದರ ಬೆಲೆ ಸಾಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ಮ್ಯಾನೇಜರು ಪಹಣಿ ನೋಡಿ ವಾಪಸ್ ಕೊಡುತ್ತಾರೆ. ಅದು ಅವರ ಹಟವಲ್ಲ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ಜಪ್ತಿ ಮಾಡಿ ಹರಾಜು ಹಾಕುವ ಅಧಿಕಾರ ಬ್ಯಾಂಕಿಗೆ ಬರುವುದು 2002ರ ಸರ್ಫೇಸಿ ಕಾಯ್ದೆಯಿಂದ, ಮತ್ತು ಅದೇ ಕಾಯ್ದೆಯ 31ನೇ ಕಲಂ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಹರಾಜು ಹಾಕಲಾಗದ ಆಸ್ತಿ ಬ್ಯಾಂಕಿನ ಲೆಕ್ಕದಲ್ಲಿ ಅಡಮಾನವೇ ಅಲ್ಲ. ಮೇಲಾಗಿ ಪಹಣಿಯ 11ನೇ ಕಲಂನಲ್ಲಿ ಬೆಳೆಸಾಲದ ಬೋಜಾ ಮೊದಲೇ ಕೂತಿರುತ್ತದೆ. ಹೊಲದ ಮೇಲೆ ಓದಿಗೆ ಸಾಲ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟರ ಹಿಂದೆ ತಿರುಗಿ ಎರಡು ತಿಂಗಳು ಕಳೆಯಬೇಡಿ. ಎನ್‌ಎ, ಅಂದರೆ ಕೃಷಿಯೇತರ ಜಮೀನಾಗಿ, ಬುಡಾದಂಥ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಪಡೆದ ಬಡಾವಣೆಯ ಸೈಟಾದರೆ ಮಾತು ಬೇರೆ.

ಹಾಗಾದರೆ ಮನೆ. ಇಲ್ಲೇ ಹೆಚ್ಚಿನ ಅರ್ಜಿಗಳು ಸಿಕ್ಕಿಬೀಳುವುದು. ಹಳ್ಳಿಯ ಮನೆಗೆ ಗ್ರಾಮ ಪಂಚಾಯಿತಿ ಕೊಡುವ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ಇದ್ದರೆ ಬಹುತೇಕ ಬ್ಯಾಂಕುಗಳು ಮುಟ್ಟುವುದಿಲ್ಲ. ಪಟ್ಟಣದಲ್ಲಾದರೆ ನಗರಸಭೆಯ ಇ-ಖಾತೆ, ಅಂದರೆ ನಮೂನೆ 3. ಸರ್ಕಾರದ ಹಕ್ಕುಪತ್ರದ ಮೇಲೆ ಬಂದ ಮನೆಯಾದರೆ ಹಕ್ಕುಪತ್ರದ ಹಿಂಬದಿಯ ಷರತ್ತು ಓದಿ. ಪರಭಾರೆ ಮಾಡಬಾರದು ಅಂತ ಇದ್ದರೆ ಆ ಮನೆಯನ್ನು ಲೆಕ್ಕದಿಂದ ಬಿಟ್ಟುಬಿಡಿ.

ಕಾಗದ ಇದೆ, ಆದರೆ ಅಜ್ಜನ ಹೆಸರಿನಲ್ಲಿ ಇದೆ: ಹತ್ತರಲ್ಲಿ ಏಳೆಂಟು ಮನೆಗಳ ಕಥೆ ಇದೇ ಅಂದರೆ ಅತಿಶಯೋಕ್ತಿಯಲ್ಲ. ಅಜ್ಜ ಉಯಿಲು ಬರೆಯದೆ ತೀರಿಕೊಂಡಿದ್ದರೆ ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ವಾರಸುದಾರರು. ಮನೆಯವರ ಬಾಯಲ್ಲಿ ಮನೆ ಅಪ್ಪ ಮತ್ತು ಕಾಕಾನದು. ಬ್ಯಾಂಕಿನ ಪ್ಯಾನಲ್ ವಕೀಲರು ವಂಶವೃಕ್ಷ ತೆಗೆದು ನೋಡಿದಾಗ ಮದುವೆಯಾಗಿ ಬೇರೆ ಊರಿಗೆ ಹೋದ ಮೂವರು ಸೋದರತ್ತೆಯರ ಹೆಸರೂ ಬರುತ್ತದೆ. ಅವರೆಲ್ಲ ಉಪನೋಂದಣಿ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಪಾಲುಪತ್ರ ನೋಂದಣಿ ಆಗಬೇಕು. ನೂರು ರೂಪಾಯಿ ಬಾಂಡ್ ಮೇಲೆ ಊರ ಹಿರಿಯರ ಮುಂದೆ ಬರೆದುಕೊಂಡ ವಾಟ್ನಿ ಪತ್ರ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಅತ್ತೆಯರನ್ನು ಕರೆಸುವ ಮುಂಚೆ ಸಾಲ ಯಾರ ಹೆಸರಿಗೆ, ಎಷ್ಟು, ಕಟ್ಟದಿದ್ದರೆ ಮನೆಗೆ ಏನಾಗುತ್ತದೆ ಅನ್ನುವುದನ್ನು ಅವರಿಗೆ ಬಿಡಿಸಿ ಹೇಳಿ. ಪಾಲನ್ನೇ ಬಿಟ್ಟುಕೊಡಿ ಎಂದು ಕೇಳುವುದು ಸಣ್ಣ ಮಾತಲ್ಲ. ಸಹಿಯ ದಿನ ಕಚೇರಿಯಲ್ಲಿ ಮೊದಲ ಸಲ ವಿಷಯ ತಿಳಿದರೆ ಯಾರಿಗಾದರೂ ಮನಸ್ಸು ಕೆಡುತ್ತದೆ, ಕೆಡಬೇಕು ಕೂಡ.

ಕೆಲಸದ ಕ್ರಮ ಹೀಗಿಟ್ಟುಕೊಳ್ಳಿ. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ. ಆಮೇಲೆ ನೋಂದಾಯಿತ ಪತ್ರ, ಅದರ ಆಧಾರದ ಮೇಲೆ ಖಾತೆ ಬದಲಾವಣೆ, ಆ ವರ್ಷದ ಮನೆ ಕರದ ರಸೀದಿ. ಕೊನೆಗೆ ಋಣಭಾರ ಪತ್ರ, ಎಲ್ಲರೂ ಇಸಿ ಅನ್ನುವುದು ಇದನ್ನೇ. ಇಸಿಯನ್ನು ಮೊದಲೇ ತೆಗೆಸಿದರೆ ಹೊಸ ನೋಂದಣಿ ಅದರಲ್ಲಿ ಬರುವುದಿಲ್ಲ, ಮತ್ತೆ ದುಡ್ಡು ಕಟ್ಟಬೇಕು. ಬ್ಯಾಂಕಿನ ವಕೀಲರು 30 ವರ್ಷದ್ದು ಕೇಳುವುದುಂಟು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚೆಗಿನದು ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲೇ ಅರ್ಜಿ ಕೊಟ್ಟು ಹಳೇ ಪುಸ್ತಕ ಹುಡುಕಿಸಬೇಕು. ಮನೆ ಕಟ್ಟುವಾಗ ನಕ್ಷೆಗೆ ಮಂಜೂರಾತಿ ಪಡೆಯದಿದ್ದರೆ ಮೌಲ್ಯಮಾಪಕರು ಕಟ್ಟಡ ಬಿಟ್ಟು ಜಾಗದ ಬೆಲೆಯನ್ನಷ್ಟೇ ಬರೆಯಬಹುದು. ಆಗ 40 ಲಕ್ಷ ಅಂದುಕೊಂಡ ಮನೆ ಕಾಗದದ ಮೇಲೆ 15 ಲಕ್ಷಕ್ಕೆ ಇಳಿಯುತ್ತದೆ. ಇಷ್ಟಕ್ಕೂ ಕಡಿಮೆಯೆಂದರೆ ನಾಲ್ಕೈದು ತಿಂಗಳು ಬೇಕು. ಸೆಪ್ಟೆಂಬರಿನಲ್ಲಿ ತರಗತಿ ಶುರು ಅಂದರೆ ಹಿಂದಿನ ವರ್ಷದ ದೀಪಾವಳಿಗೇ ಕಾಗದ ತೆರೆಯಿರಿ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ ಓದುವುದು, ಖಾತೆ ಬದಲಿಸುವುದು ಎರಡೂ ಒಟ್ಟಿಗೇ ನಡೆಯಲಿ.

ಸ್ವಂತ ಮನೆ ಕೂಡಿಬರದಿದ್ದರೆ ಪಟ್ಟಣದಲ್ಲಿರುವ ಸೋದರಮಾವನ ಮನೆಯನ್ನೂ ಬ್ಯಾಂಕು ಒಪ್ಪಬಹುದು. ಅಡಮಾನ ತಂದೆತಾಯಿಯದೇ ಆಗಬೇಕೆಂದಿಲ್ಲ. ಎಫ್‌ಡಿ, ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯವೂ ನಡೆಯುತ್ತದೆ.

ಶಾಖೆಯ ವಿಷಯ. ಊರ ಶಾಖೆಯಲ್ಲಿ ವಿದೇಶದ ಸಾಲ ಮಾಡಿದವರೇ ಇರುವುದಿಲ್ಲ, ಕಡತ ಮೇಜಿನ ಮೇಲೆ ಕೂರುತ್ತದೆ. ಜಿಲ್ಲಾ ಕೇಂದ್ರದ ದೊಡ್ಡ ಶಾಖೆಗೆ ಹೋಗಿ. ನಿಮ್ಮ ಊರು ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಶಿಕ್ಷಣ ಸಾಲದ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. 2012ರಲ್ಲೇ ರಿಸರ್ವ್ ಬ್ಯಾಂಕ್ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ಆ ಮಾತನ್ನು ಜಗಳವಿಲ್ಲದೆ ನೆನಪಿಸಿದರೆ ಸಾಕು. ಒಟ್ಟು ಖರ್ಚಿನ ಶೇ. 15ನ್ನು ನೀವೇ ಹಾಕಬೇಕು ಎಂಬ ಷರತ್ತೂ ಇರುತ್ತದೆ, ಅದನ್ನು ಮರೆಯಬೇಡಿ.

ಈಗ ಅಡಮಾನ ಕೇಳದ ಫೈನಾನ್ಸ್ ಕಂಪನಿಗಳು. ಇವರ ದೊಡ್ಡ ಗುಣ ವೇಗ: ಕಾಗದ ಸರಿಯಿದ್ದರೆ ಒಂದೆರಡು ವಾರದಲ್ಲಿ ಮಂಜೂರು. ಪಾಲುದಾರರ ಸಹಿ ಬೇಡ, ವಕೀಲರು ಬೇಡ. ಆದರೆ ಆಸ್ತಿ ನೋಡದವರು ಆದಾಯ ನೋಡುತ್ತಾರೆ, ಮತ್ತು ನಮ್ಮ ಕಡೆಯ ರೈತರು ಇಲ್ಲಿ ಜಾರುತ್ತಾರೆ. ಭತ್ತ, ಹತ್ತಿ, ಮೆಣಸಿನಕಾಯಿ ಮಾರಿದ ದುಡ್ಡಿಗೆ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್ ಹಾಕಿರುವುದಿಲ್ಲ. ದಲಾಲಿ ಅಂಗಡಿಯ ಚೀಟಿಗಳನ್ನು ಕಂಪನಿಯವರು ಆದಾಯ ಅಂತ ಒಪ್ಪುವುದು ಕಡಿಮೆ. ಮಗ ಅಥವಾ ಮಗಳು ಡಿಗ್ರಿ ಎರಡನೇ ವರ್ಷಕ್ಕೆ ಬಂದಾಗಲೇ ಅಪ್ಪನ ಹೆಸರಲ್ಲಿ ರಿಟರ್ನ್ ಹಾಕಲು ಶುರು ಮಾಡಿ. ಕೃಷಿ ಆದಾಯ 5,000 ರೂಪಾಯಿ ದಾಟಿದ್ದರೆ ಐಟಿಆರ್-1 ಬರುವುದಿಲ್ಲ, ಐಟಿಆರ್-2 ಹಾಕಬೇಕು. ಬೆಳೆಯ ದುಡ್ಡನ್ನು ನಗದಾಗಿ ತರದೆ ಖಾತೆಗೇ ಹಾಕಿಸಿಕೊಳ್ಳಿ. ಇದು ಬ್ಯಾಂಕಿನ ಸಾಲಕ್ಕೂ ಉಪಯೋಗ. ಮನೆಯಲ್ಲಿ ಶಿಕ್ಷಕರೋ ಸರ್ಕಾರಿ ನೌಕರರೋ ಇದ್ದರೆ ಅವರನ್ನು ಸಹ-ಸಾಲಗಾರರನ್ನಾಗಿ ಮಾಡಿ. ಅರ್ಜಿಯ ತೂಕವೇ ಬದಲಾಗುತ್ತದೆ.

ಅವರ ಸಂಸ್ಕರಣಾ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ. 30 ಲಕ್ಷಕ್ಕೆ ಶೇ. 1 ಅಂದರೂ 30,000, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 35,400. ವೀಸಾ ಸಿಗದಿದ್ದರೆ ಇದು ವಾಪಸ್ ಬರುತ್ತದೆಯೇ ಅಂತ ಬರಹದಲ್ಲಿ ಕೇಳಿ. ಓದುವಾಗಲೇ ಪ್ರತಿ ತಿಂಗಳು ಸ್ವಲ್ಪ ಬಡ್ಡಿ ಕಟ್ಟಬೇಕೆಂಬ ಷರತ್ತು ಸಾಮಾನ್ಯ. ಕಟ್ಟದೆ ಉಳಿದ ಬಡ್ಡಿ ಅಸಲಿಗೆ ಯಾವಾಗ ಸೇರುತ್ತದೆ ಅನ್ನುವ ಸಾಲನ್ನು ಕರಾರಿನಲ್ಲಿ ಹುಡುಕಿ ಓದಿ.

ಸಹ-ಸಾಲಗಾರರೇ ಬೇಡ ಎನ್ನುವ ಪ್ರಾಡಿಜಿ ಫೈನಾನ್ಸ್‌ನಂಥವರೂ ಇದ್ದಾರೆ. ಅವರು ಆಯ್ದ ವಿಶ್ವವಿದ್ಯಾಲಯಗಳಿಗಷ್ಟೇ ಕೊಡುತ್ತಾರೆ. ಸಾಲ ಡಾಲರಿನಲ್ಲಿ: ಅಲ್ಲೇ ದುಡಿದರೆ ಸರಿ, ಊರಿಗೆ ಬಂದು ರೂಪಾಯಿಯಲ್ಲಿ ದುಡಿದು ಡಾಲರ್ ಕಟ್ಟುವುದು ಕಷ್ಟ.

ಬಂಗಾರದ ಸಾಲ ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ಕೈಗೆ ಬರುತ್ತದೆ, ಆದರೆ ಓದಿನ ಪೂರ್ತಿ ಖರ್ಚಿಗೆ ಇದನ್ನು ನಂಬಬಾರದು. ಅಸಲು-ಬಡ್ಡಿಯನ್ನು ಕೊನೆಗೆ ಒಂದೇ ಸಲ ಕಟ್ಟುವ ಸಾಲದ ಅವಧಿ 12 ತಿಂಗಳು ಮೀರುವಂತಿಲ್ಲ. ಎರಡು ವರ್ಷದ ಎಂಎಸ್ ಅರ್ಧಕ್ಕೆ ಬಂದಿರುವಾಗ, ಮಗಳ ಕೈಗೆ ಇನ್ನೂ ಸಂಬಳ ಬರದಿರುವಾಗ, ಗಡುವು ಬಂದು ನಿಲ್ಲುತ್ತದೆ. 5 ಲಕ್ಷದ ಮೇಲಿನ ಸಾಲಕ್ಕೆ ಬಂಗಾರದ ಬೆಲೆಯ ಶೇ. 75ರಷ್ಟೇ ಸಿಗುತ್ತದೆ. ಶಿಕ್ಷಣ ಸಾಲದ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ 8 ವರ್ಷ ಸಿಗುವ ವಿನಾಯಿತಿ ಇದಕ್ಕಿಲ್ಲ. ವಿದೇಶಕ್ಕೆ ಕಳಿಸುವಾಗಲೂ ತೊಡಕಿದೆ: ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್ 1ರಿಂದ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ, ಇಲ್ಲ, ಆದರೆ ಕೈಯ ದುಡ್ಡು ಅಥವಾ ಬಂಗಾರದ ಸಾಲದ ದುಡ್ಡು ವರ್ಷಕ್ಕೆ 10 ಲಕ್ಷ ದಾಟಿದರೆ ದಾಟಿದ ಮೊತ್ತಕ್ಕೆ ಹಿಡಿಯುತ್ತಾರೆ. ನಾನು ಬಂಗಾರವನ್ನು ಒಪ್ಪುವುದು ಆ ಶೇ. 15ರ ಸ್ವಂತ ಪಾಲಿಗೆ, ವೀಸಾ ಶುಲ್ಕಕ್ಕೆ, ವಿಮಾನದ ಟಿಕೆಟಿಗೆ ಮಾತ್ರ. ಸಾಹುಕಾರರ ನೂರಕ್ಕೆ ಎರಡು ರೂಪಾಯಿ ಬಡ್ಡಿ ವರ್ಷಕ್ಕೆ ಶೇ. 24, ಅದರ ಚರ್ಚೆಯೇ ಬೇಡ.

ದೇಶ ಬದಲಾದರೆ ದುಡ್ಡು ತೋರಿಸುವ ರೀತಿಯೂ ಬದಲಾಗುತ್ತದೆ. ಬ್ರಿಟನ್ನಿಗೆ ಕೈಯ ಹಣ ತೋರಿಸುವುದಾದರೆ ಅದು ಸತತ 28 ದಿನ ಖಾತೆಯಲ್ಲಿ ನಿಂತಿರಬೇಕು, ಒಂದು ದಿನವೂ ಕೆಳಗಿಳಿಯಬಾರದು, ಖಾತೆ ವಿದ್ಯಾರ್ಥಿಯದು ಅಥವಾ ತಂದೆತಾಯಿಯದು ಆಗಿರಬೇಕು. ಕಾಕಾನ ಖಾತೆ ನಡೆಯಲ್ಲ. ಶಿಕ್ಷಣ ಸಾಲದ ಪತ್ರಕ್ಕೆ 28 ದಿನದ ನಿಯಮ ಇಲ್ಲ, ಆದರೆ ಆ ಪತ್ರದಲ್ಲಿ ಷರತ್ತು ಇರಬಾರದು. ‘ಅಡಮಾನ ನೋಂದಣಿ ಆದ ಮೇಲೆ ಬಿಡುಗಡೆ’ ಅಂತ ಬ್ಯಾಂಕು ಬರೆದುಕೊಟ್ಟರೆ ವೀಸಾ ತಿರಸ್ಕಾರವಾಗಬಹುದು. ಆದ್ದರಿಂದ ಅಡಮಾನ ಮುಗಿಸಿಯೇ ಪತ್ರ ಪಡೆಯಿರಿ. ಜರ್ಮನಿಯಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಬೋಧನಾ ಶುಲ್ಕ ಇಲ್ಲ, ಆದರೆ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆ) ನಿಜವಾಗಿ ಹಾಕಿ ತೋರಿಸಬೇಕು. ಯೂರೋಗೆ 100 ರೂಪಾಯಿ ಅಂತ ಹಿಡಿದರೂ 11.90 ಲಕ್ಷ. ಕೆಲವು ಶಾಖೆಗಳು ವೀಸಾ ಬರದೆ ಹಣ ಬಿಡುವುದಿಲ್ಲ, ರಾಯಭಾರ ಕಚೇರಿ ಹಣ ನೋಡದೆ ವೀಸಾ ಕೊಡುವುದಿಲ್ಲ. ‘ಬ್ಲಾಕ್ಡ್ ಅಕೌಂಟಿಗೆ ವೀಸಾಗಿಂತ ಮುಂಚೆ ಬಿಡುಗಡೆ ಮಾಡುತ್ತೀರಾ?’ ಅನ್ನುವುದೇ ಮೊದಲ ದಿನದ ಮೊದಲ ಪ್ರಶ್ನೆಯಾಗಿರಲಿ.

ಸಾಲಕ್ಕಿಂತ ಮುಂಚೆ ವಿದ್ಯಾರ್ಥಿವೇತನ ನೋಡಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ 125 ಸ್ಥಾನಗಳಿವೆ. ಪರಿಶಿಷ್ಟ ಜಾತಿ, ಅಲೆಮಾರಿ, ಭೂಹೀನ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬದವರಿಗೆ, ಆದಾಯ 8 ಲಕ್ಷದೊಳಗೆ ಇದ್ದರೆ. ರಾಜ್ಯದ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ದೇವರಾಜ ಅರಸು ನಿಗಮಗಳಲ್ಲೂ ವಿದೇಶ ವ್ಯಾಸಂಗದ ಸಾಲ ಇದೆ, ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಕಾಲೇಜುಗಳಿಗಷ್ಟೇ. ಊರವರು ದೇಣಿಗೆ ಕೂಡಿಸುವುದಾದರೆ ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ದಾಟಿದರೆ ಪೂರ್ತಿ ಮೊತ್ತ ತೆರಿಗೆಗೆ ಬರುತ್ತದೆ ಅನ್ನುವುದು ಗೊತ್ತಿರಲಿ.

ಬ್ಯಾಂಕಿನ ಸಾಲಕ್ಕೇ ನಾನು ಮತ್ತೆ ಮತ್ತೆ ಬರುವುದಕ್ಕೆ ಇನ್ನೊಂದು ಕಾರಣ ನಮ್ಮ ಮನೆಗಳಿಗೆ ದುಡ್ಡು ಬರುವ ರೀತಿ. ಒಕ್ಕಲುತನದ ಮನೆಗೆ ಪ್ರತಿ ತಿಂಗಳು ಒಂದನೇ ತಾರೀಕು ಸಂಬಳ ಬರುವುದಿಲ್ಲ. ಮುಂಗಾರು ಭತ್ತ ಮಾರಿದಾಗ ಒಂದು ಸಲ, ಎರಡನೇ ಬೆಳೆಗೆ ನೀರು ಬಿಟ್ಟರೆ ಇನ್ನೊಂದು ಸಲ. ಫೈನಾನ್ಸ್ ಕಂಪನಿಯ ತಿಂಗಳ ಬಡ್ಡಿ ಜುಲೈ, ಆಗಸ್ಟಿನಲ್ಲಿ, ಬೀಜ ಗೊಬ್ಬರಕ್ಕೆ ಕೈ ಖಾಲಿಯಾದಾಗ, ತಪ್ಪುತ್ತದೆ, ಮತ್ತು ಒಂದೆರಡು ತಪ್ಪಿದರೆ ವಿದ್ಯಾರ್ಥಿಯ ಸಿಬಿಲ್ ಅಂಕಕ್ಕೂ ಏಟು. ಬ್ಯಾಂಕಿನ ಸಾಲದಲ್ಲಿ ಓದು ಮುಗಿಯುವ ತನಕ ಬಡ್ಡಿ ಕಟ್ಟಲೇಬೇಕೆಂಬ ಒತ್ತಾಯ ಇಲ್ಲ, ಬದಲಾಗುವ ಬಡ್ಡಿದರದ ಸಾಲವಾದರೆ ಮುಂಚಿತವಾಗಿ ಎಷ್ಟು ಕಟ್ಟಿದರೂ ದಂಡವಿಲ್ಲ. ಭತ್ತದ ದುಡ್ಡು ಖಾತೆಗೆ ಬಿದ್ದ ವಾರದಲ್ಲೇ ಎರಡೋ ಮೂರೋ ಲಕ್ಷವನ್ನು ಸಾಲದ ಖಾತೆಗೆ ಹಾಕಿ, ರಸೀದಿಯ ಮೇಲೆ ಅದು ಬಡ್ಡಿಗೆ ಎಷ್ಟು, ಅಸಲಿಗೆ ಎಷ್ಟು ಹೋಯಿತು ಅಂತ ಬರೆಸಿಕೊಳ್ಳಿ.